ಬಸಿಗಾಲುವೆಯ ನಾಲಿಗೆ

ನಲವತ್ತು ವರ್ಷಗಳ ಹಿಂದೆ ಹಾಜಿ ಶಲಬಿ ಉಪ್ಪುನೆಲದಲ್ಲಿ ಟೊಮ್ಯಾಟೊ ಬೆಳೆದದ್ದನ್ನು ತರ್ಫಾ ಹಳ್ಳಿ ಮರೆತಿರಲಿಲ್ಲ. ಮರೆಯಲು ಅವನು ಬಿಟ್ಟೂ ಇರಲಿಲ್ಲ. ನೈಲ್ ನದಿಯ ನೀರೆಲ್ಲ ಮೇಲಿನ ಊರುಗಳಲ್ಲೇ ಮುಗಿದುಹೋಗಿ, ಕಾಲುವೆಯ ಬಾಲದಲ್ಲಿದ್ದ ಈ ಹಳ್ಳಿಗೆ ದಕ್ಕುತ್ತಿದ್ದುದು ಪರರ ಹೊಲಗಳಿಂದ ಬಸಿದು ಬಂದದ್ದಷ್ಟೇ. ಆ ನೀರನ್ನೇ ಮೇಲೆತ್ತಿ, ಪಾರಿವಾಳ ಸಾಕುವ ಗೋಪುರದ ಹಿಕ್ಕೆಯನ್ನು ಭತ್ತದ ಹುಲ್ಲಿನೊಡನೆ ಕೊಳೆಸಿ ಹಾಕಿ, ಏರಿಸಿದ ಮಣ್ಣಿನ ದಿಂಡಿನ ನೆತ್ತಿಗೆ ಉಪ್ಪು ಏರುವುದೆಂದು ಸಸಿಗಳನ್ನು ಪಕ್ಕೆಯಲ್ಲಿ ನೆಟ್ಟು, ಹಲವು ವರ್ಷ ಸೋತು ಕಡೆಗೆ ಗೆದ್ದಿದ್ದ. ಮೊದಲ ಹಣ್ಣನ್ನು ಸಂತೆಯಲ್ಲಿ ಕೊಯ್ದು ದಲ್ಲಾಳಿಯ ಬಾಯಿಗಿಟ್ಟು, "ಉಪ್ಪು ಹಚ್ಕೋಬೇಡ ಕಣಯ್ಯ, ನೆಲಾನೇ ಹಚ್ಚಿ ಕಳಿಸೈತೆ" ಎಂದಿದ್ದನಂತೆ.

ಅಂದಿನಿಂದ ಹಳ್ಳಿಗೆ ಅವನ ನಾಲಿಗೆಯೇ ಕಟ್ಟಳೆ. ನಸುಕಿನಲ್ಲಿ ಬಸಿಗಾಲುವೆಗೆ ಇಳಿದು, ಬೊಗಸೆ ನೀರು ಬಾಯಿಗೆ ಹಾಕಿ, ಉಗಿದು, "ಸಿಹಿ" ಎಂದರೆ ಊರಿನ ಪಂಪು ಓಡುತ್ತಿತ್ತು. "ಉಪ್ಪು" ಎಂದರೆ ನಿಲ್ಲುತ್ತಿತ್ತು. "ಈ ನಾಲಿಗೆ ಯಾವತ್ತೂ ಸುಳ್ಳಾಡಿಲ್ಲ" ಎಂಬ ಮಾತಿನಿಂದಲೇ ಪ್ರತಿ ಸಲ ಅವನು ಹೇಳುವ ಟೊಮ್ಯಾಟೊ ಕಥೆ ಮುಗಿಯುತ್ತಿತ್ತು.

ಆ ಚಳಿಗಾಲದಲ್ಲಿ ಅವನ ಕಣ್ಣು ಹಿರಿಯ ಸೊಸೆ ಇಂತಿಸಾರಳ ಪಾಲಿನ ಹೊಲದ ಪಟ್ಟೆಯ ಮೇಲಿತ್ತು. ಅವಳ ಗಂಡ, ತನ್ನ ಮಗ ಗಾಬಿರ್ ಸತ್ತ ಮೇಲೆ ಪಟ್ಟೆ ಮನೆಗೆ ಮರಳಬೇಕೆಂದು ಅವನ ಹಟ. ಊರ ಹಿರಿಯ ಮಿತ್ವಲ್ಲಿ ನಡುವೆ ಬಂದು ತೀರ್ಮಾನಿಸಿದ್ದ: ಈ ಚಳಿಗಾಲ ಅವಳೊಬ್ಬಳೇ ಟೊಮ್ಯಾಟೊ ಬೆಳೆದು ತೋರಿಸಿದರೆ ಪಟ್ಟೆ ಅವಳದು, ಬೆಳೆ ಕೆಟ್ಟರೆ ಅವಳು ಅಣ್ಣಂದಿರ ಮನೆಗೆ.

ಅವಳು ಬೆಳೆದಳು. ಬರಿಗೈಯಲ್ಲಿ ಹಿಕ್ಕೆ ಹೊತ್ತು, ಹುಲ್ಲು ಕೊಳೆಸಿ, ಮಾವನ ಕಥೆಯಲ್ಲಿ ಕೇಳಿದಂತೆಯೇ ಸಸಿಗಳನ್ನು ದಿಂಡಿನ ಪಕ್ಕೆಗೆ ನೆಟ್ಟಳು. ಗಿಡ ಹೂ ಬಿಟ್ಟಿತು.

"ಕೈ ವಾಸನೆ ಹೋಗಕ್ಕೆ ಎಷ್ಟು ಸಾಬೂನು ಬೇಕಮ್ಮ ನಿಂಗೆ?" ಎಂದು ಶಲಬಿ ಚುಚ್ಚಿದರೆ, "ನಿಮ್ಮ ಕೈ ವಾಸನೆ ಹೋಯ್ತಾ ಮಾವ? ಹೋಗಿದ್ರೆ ಹೇಳಿ, ಅಷ್ಟೇ ತರಿಸ್ತೀನಿ" ಎಂದು ನಕ್ಕಳು.

ಆ ನಗೆ ಅವನಿಗೆ ಅರಗಲಿಲ್ಲ.

ಮೇಲಿನ ಕಾಲುವೆಯನ್ನು ಹೂಳೆತ್ತಲು ಮುಚ್ಚುವ ದಿನಗಳು ಬಂದವು. ಸಿಹಿನೀರು ಬೆರೆಯದೆ ಬಸಿಗಾಲುವೆ ದಿನೇ ದಿನೇ ಉಪ್ಪೇರಿ ಗಡುಸಾಗುವ ಕಾಲ ಅದು. ಪಂಪಿನ ಸರದಿ ಅಂದು ಇಂತಿಸಾರಳದು. ಶಲಬಿ ನೀರಿಗಿಳಿದ. ಬಾಯಿಗೆ ಹಾಕಿದೊಡನೆ ನಾಲಿಗೆಯ ಅಂಚು ಸುಟ್ಟಂತಾಯಿತು. ದಡದ ಮೇಲೆ ಸೊಸೆ ಕಾದು ನಿಂತಿದ್ದಳು. ಅವನು ಉಗಿದು ಬಾಯಿ ಒರೆಸಿಕೊಂಡ.

"ಸಿಹಿ" ಎಂದ. "ಹೊಟ್ಟೆ ತುಂಬ ಕುಡಿಸು."

ಮರುದಿನದ ಸರದಿ ಅವನ ಹೊಲದ್ದೇ; ಆಗ "ಉಪ್ಪು" ಎಂದರಾಯಿತು. ನೀರು ಒಂದೇ ರಾತ್ರಿಯಲ್ಲಿ ಕೆಡುವುದೇನು ಹೊಸತಲ್ಲ. ಆ ಹೊಲ ನೋಡಿಕೊಳ್ಳುವ ಕಿರಿಯ ಮಗ ರಗಬ್ ಪಟ್ಟಣಕ್ಕೆ ಹೋಗಿದ್ದ. ಲೆಕ್ಕ ಸರಿಯಾಗಿತ್ತು. ಶಲಬಿ ಮನೆಗೆ ಹೋಗಿ ಬ್ರೆಡ್ಡು, ಬೇಯಿಸಿದ ಅವರೆ ತಿಂದು ನೆಮ್ಮದಿಯಾಗಿ ಮಲಗಿದ.

ಆದರೆ ರಗಬ್ ಮಧ್ಯಾಹ್ನವೇ ಹಿಂದಿರುಗಿದ. ಬಾಡಿದ್ದ ಅವನ ಗಿಡಗಳನ್ನು ಕಂಡು ಇಂತಿಸಾರ್, "ಮಾವ ಸಿಹಿ ಅಂದವ್ರೆ, ತಮ್ಮಾ. ನನ್ನ ಸರದೀಲಿ ಅರ್ಧ ತಗೋ" ಎಂದು ಪಂಪಿನ ಕೊಳವೆಯನ್ನು ತಾನೇ ಅವನ ಹೊಲಕ್ಕೆ ತಿರುಗಿಸಿದಳು.

ವಾರ ತುಂಬುವ ಮೊದಲೇ ಎರಡು ಹೊಲಗಳಲ್ಲೂ ಎಲೆಯ ಅಂಚು ಕಂದಿ ಸುರುಟಿತು. ಹೂವು ಉದುರಿತು. ಎರಡರ ದಿಂಡಿನ ಮೇಲೂ ಬಿಳಿಯ ಹಿಟ್ಟು ಚೆಲ್ಲಿದಂತೆ ಉಪ್ಪು ಮೂಡಿತು.

ಸಂಜೆ ಶಲಬಿಯ ಅಂಗಳದಲ್ಲಿ ಊರವರು ಸೇರಿದರು.

"ಅಪ್ಪಾ, ನೀನೇ ಅಲ್ವಾ ಸಿಹಿ ಅಂದಿದ್ದು?" ರಗಬ್ ಕೇಳಿದ.

ಮಿತ್ವಲ್ಲಿ ಬೆತ್ತವನ್ನು ನೆಲಕ್ಕೂರಿದ. "ಹಾಜಿ, ಬಾಯಿ ಬಿಟ್ಟು ಹೇಳು. ಕೆಟ್ಟಿದ್ದು ನಾಲಿಗೇನೋ, ಮನಸ್ಸೋ?"

ಶಲಬಿ ಸುತ್ತಲೂ ನೋಡಿದ. ನಲವತ್ತು ವರ್ಷ ತನ್ನನ್ನು ಹೊತ್ತು ತಿರುಗಿದ ನಾಲಿಗೆಯನ್ನು ಅಂದು ಅವನು ಎಲ್ಲರೆದುರು ಬಲಿ ಕೊಟ್ಟ. "ವಯಸ್ಸಾಯ್ತು ಕಣಯ್ಯ. ಉಪ್ಪು, ಸಿಹಿ ಯಾವ್ದೂ ತಿಳಿಯಲ್ಲ. ನಾಲಿಗೆ ಸತ್ತೋಗೈತೆ." ತಡೆದು, ಸೇರಿಸಿದ: "ಆದ್ರೂ ಮಾತು ಮಾತೇ. ಅವಳ ಬೆಳೆ ಹೋಯ್ತು. ಪಟ್ಟೆ ಮನೇದು."

ಕೆಲವರು ಅಯ್ಯೋ ಎಂದರು. ಮಿತ್ವಲ್ಲಿ ತಲೆ ತಗ್ಗಿಸಿದ. ಮಾತು ಮಾತೇ ಆಗಿತ್ತು.

ಅಷ್ಟರಲ್ಲಿ ಇಂತಿಸಾರ್ ಚಹಾದ ತಟ್ಟೆ ಹಿಡಿದು ಬಂದಳು. ಗಂಟು ಕಟ್ಟಿದ ಬಟ್ಟೆ ಆಗಲೇ ಬಾಗಿಲ ಬಳಿ ಇತ್ತು. ಎಲ್ಲರಿಗೂ ಲೋಟ ಕೊಟ್ಟು, ಕಡೆಯದನ್ನು ಮಾವನ ಕೈಗಿತ್ತಳು. ಎಲ್ಲರೂ ಕುಡಿದರು. ಶಲಬಿ ಒಂದು ಗುಟುಕು ಹೀರಿದವನೇ ಮುಖ ಕಿವುಚಿ ಉಗುಳಿದ.

"ಥೂ! ಉಪ್ಪು!"

ಉಳಿದವರು ತಮ್ಮ ತಮ್ಮ ಲೋಟ ನೋಡಿಕೊಂಡರು.

"ಅದೇ ದಿನದ ಬಸಿನೀರು, ಮಾವ. ಕೊಡದಲ್ಲಿ ಉಳಿದಿತ್ತು. ನಿಮ್ಮ ಒಂದು ಲೋಟಕ್ಕೆ ಅದ್ರಲ್ಲೇ ಚಾ ಕಾಸಿದೆ" ಎಂದಳು ಅವಳು.

ರಗಬ್ ತಂದೆಯನ್ನೇ ನೋಡುತ್ತ ಎದ್ದು ನಿಂತ. ಇಂತಿಸಾರ್ ಗಂಟನ್ನು ತಲೆಗೇರಿಸಿಕೊಂಡಳು. ಆದರೆ ಹೊಸಿಲು ದಾಟಲಿಲ್ಲ. ಮಾವನೆದುರು ಕುಳಿತು, ಮಗುವಿನಂತೆ ಮುಖ ಮೇಲೆತ್ತಿದಳು.

"ಹೋಗೋಕೆ ಮುಂಚೆ ಒಂದೇ ಆಸೆ, ಮಾವ. ಎಲ್ರೂ ಇದಾರೆ. ಆ ಟೊಮ್ಯಾಟೊ ಕಥೆ ಇನ್ನೊಂದ್ಸಲ ಹೇಳಿ. ನಾಲಿಗೆ ಬಗ್ಗೆ ಹೇಳೋ ಆ ಕೊನೇ ಮಾತು ಬಿಡದೆ ಹೇಳ್ಬೇಕು."