ಕಲ್ಲುಗೋರಿಯ ಕಿಂಡಿ

ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ನಾಲ್ವರು ಕೆಲಸಗಾರರು ದಿಬ್ಬ ಹತ್ತುತ್ತಿದ್ದರು.

"ನಾಲ್ಕು ಜನ ಹೊರೋದು ಒಂದೇ ಸಲ ಅಂದ್ಕೊಂಡಿದ್ದೆ. ಇವತ್ತಿಂದಲೇ ರೂಢಿ ಮಾಡಿಸ್ತಿದೀಯಾ?" ಎಂದಳು ಅಜ್ಜಿ.

"ಮಾತು ಕಮ್ಮಿ ಮಾಡಿ ಗಟ್ಟಿಯಾಗಿ ಹಿಡ್ಕೋ," ಎಂದು ಮೊಮ್ಮಗಳು ಗದರಿದಳು. ಒಳಗೊಳಗೇ ಹಿಗ್ಗಿದಳು. ಎರಡು ತಿಂಗಳಲ್ಲಿ ಅಜ್ಜಿ ಆಡಿದ ಮೊದಲ ತಮಾಷೆ ಅದು.

ಪಕ್ಕದ ಮನೆಯ ಗೆಳತಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಅಜ್ಜಿಗೆ ಒಂದೇ ದಿಗಿಲು. ಸಾಯುವುದಕ್ಕಲ್ಲ, ಸತ್ತಮೇಲೆ ಮುಚ್ಚಿಬಿಡುತ್ತಾರಲ್ಲ, ಅದಕ್ಕೆ. ಮನೆಯ ಒಂದು ಬಾಗಿಲನ್ನೂ ಹಾಕಗೊಡುತ್ತಿರಲಿಲ್ಲ. ಮೊಮ್ಮಗಳು ಈ ದಿಬ್ಬದ ಉತ್ಖನನದಲ್ಲಿ ಮಣ್ಣು ಜರಡಿ ಹಿಡಿಯುವವಳು. ಅಲ್ಲಿ ಕಂಡದ್ದನ್ನು ಹೇಳಿದರೆ, "ನನ್ನ ಸಮಾಧಾನಕ್ಕೆ ಕಾಗಕ್ಕ ಗುಬ್ಬಕ್ಕನ ಕಥೆ ಕಟ್ಟಬೇಡ" ಎಂದಿದ್ದಳು ಅಜ್ಜಿ. ಅದಕ್ಕೇ ಈ ಮೆರವಣಿಗೆ.

ಮೇಲೆ ಗುಂಡುಗಲ್ಲುಗಳ ದೊಡ್ಡ ವೃತ್ತ. ನಡುವೆ ಅಗೆದ ಗುಂಡಿಯಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮಾಡಿದ ಕೋಣೆ, ಸಾವಿರಾರು ವರ್ಷದ ಹಿಂದಿನ ಗೋರಿ. ಒಂದು ಚಪ್ಪಡಿಯಲ್ಲಿ ತಟ್ಟೆಯಗಲದ ಕಿಂಡಿ. ಇಳಿಜಾರಿನಲ್ಲಿ ಮೆಲ್ಲಗೆ ಇಳಿಸಿ, ಕುರ್ಚಿಯನ್ನು ಅದರ ಮುಂದೆಯೇ ಇಟ್ಟರು.

"ಇದ್ಯಾಕೆ ತೂತು?"

ಉತ್ಖನನದ ಮೇಡಂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಜ್ಜಿ. ಹೋದವರ ಜೀವ ಬಂದುಹೋಗಿ ಮಾಡೋಕೆ ದಾರಿ ಬಿಟ್ಟಿದ್ರು ಅಂತ ನಮ್ಮ ಅಂದಾಜು. ಒಳಗೆ ಮಡಕೆ, ಬಟ್ಟಲು, ಮಣಿಸರ ಎಲ್ಲಾ ಇಟ್ಟಿದ್ರು."

ಅಜ್ಜಿ ಕಿಂಡಿಯ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದಳು. ಎಲ್ಲೂ ಒರಟಿರಲಿಲ್ಲ.

"ಮೈ ತರಚಬಾರದು ಅಂತ ತೀಡಿದಾರೆ," ಎಂದಳು ಮೆಲ್ಲಗೆ.

ಮೇಡಂ ತಾವೂ ಕೈಚಾಚಿ ಆ ಅಂಚನ್ನು ಮುಟ್ಟಿ ನೋಡಿದರು.

ಅಷ್ಟರಲ್ಲಿ ಮೊಮ್ಮಗಳು ಖಾಲಿ ಕೋಣೆಯೊಳಗೆ ಇಳಿದು ಕಿಂಡಿಯಿಂದ ಕೈ ಹೊರಚಾಚಿದಳು. ಅಜ್ಜಿ ಅದನ್ನು ಹಿಡಿದು ಕುಲುಕಿದಳು. "ಏನಮ್ಮಾ, ಮನೇಲೆಲ್ಲ ಚೆನ್ನಾಗಿದೀರಾ?"

"ಚೆನ್ನಾಗಿದೀವಿ," ಎಂದಿತು ಒಳಗಿನ ದನಿ. "ನಿಮಗೇನೂ ಅವಸರ ಇಲ್ಲ. ನಿಧಾನವಾಗಿ ಬನ್ನಿ."

ಕುರ್ಚಿ ಹೊತ್ತವರು ನಗು ತಡೆಯಲಾರದೆ ಗುಂಡಿಯ ದಡದಲ್ಲಿ ಕೂತುಬಿಟ್ಟರು. ಅಜ್ಜಿ ಕಣ್ಣೀರು ಬರುವಷ್ಟು ನಕ್ಕಳು, ಸೆರಗಿನಿಂದ ಒರೆಸಿಕೊಂಡು ಮತ್ತೆ ನಕ್ಕಳು.

ಮನೆಗೆ ಹೊರಡೋಣವೆಂದರೆ ಒಪ್ಪಲಿಲ್ಲ. "ಸುಮ್ಮನೆ ಕೂರೋಕಾಗಲ್ಲ, ಏನಾದ್ರೂ ಕೊಡಿ," ಎಂದು ಜರಡಿಯೊಂದನ್ನು ತೊಡೆಯ ಮೇಲೆ ಇರಿಸಿಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಜಾಲರಿಯ ಮೇಲೆ ಸಾಸಿವೆಗಿಂತ ತುಸು ದಪ್ಪನೆಯ ಕೆಂಪು ಮಣಿಯೊಂದು ಉಳಿಯಿತು. ಅಜ್ಜಿ ಅದನ್ನು ಅಂಗೈಗೆ ಹಾಕಿಕೊಂಡು ಉಫ್ ಎಂದು ಊದಿದಳು. ಧೂಳು ಹಾರಿತು, ಮಣಿ ಹೊಳೆಯಿತು.