ಪಕ್ಕದ ಮನೆಯಲ್ಲಿ ಕೇಳಿದ್ದು

ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರೆ. ಕಾರಿನ ಮೂಲ ಹುಡುಕಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ. ಹಾಗಾಗಿ ನಾನು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತೇನೆ ಎಂದಾಗ ನಮ್ಮಣ್ಣ ಬದರಿನಾಥ ಉಪದೇಶ ಶುರು ಮಾಡಿದ. ಎಂಜಿನ್ನು, ಬ್ರೇಕು ಮೆಕ್ಯಾನಿಕ್ ನೋಡುತ್ತಾನೆ, ಕಾಗದಪತ್ರದ ವಿವರ ಮೊಬೈಲಿನಲ್ಲೇ ಸಿಗುತ್ತದೆ, ಆದರೆ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸದೆ ಅಡ್ವಾನ್ಸ್ ಕೊಡಬೇಡ ಎಂದ. ನಮ್ಮ ಮನೆಯಲ್ಲಿ ಹೆಣ್ಣು ತರುವಾಗಲೂ ಹೀಗೆಯೇ, ಬಾಡಿಗೆಗೆ ಮನೆ ಕೊಡುವಾಗಲೂ ಹೀಗೆಯೇ. ಜಾತಕ ಸುಳ್ಳು ಹೇಳಬಹುದು, ಪಕ್ಕದ ಮನೆಯವರು ಹೇಳುವುದಿಲ್ಲ ಎಂಬುದು ನಮ್ಮ ವಂಶದ ನಂಬಿಕೆ.

ನನ್ನ ಹೆಸರು ಸುಧಾಮಣಿ. ಐವತ್ತು ದಾಟಿದೆ, ಮದುವೆಯಾಗಿಲ್ಲ. ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ, ಇಟ್ಟಮಡುವಿನಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದೇನೆ. ಈ ವಯಸ್ಸಿನಲ್ಲಿ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಮಂಡಿನೋವು ಎಂದೆ, ಆಟೋದವರ ಕಾಟ ಎಂದೆ. ನಿಜವಾದ ಕಾರಣ ಬೇರೆ. ಜಯನಗರದ ಅಣ್ಣನ ಮನೆಯಲ್ಲಿ ಹಬ್ಬವಿರಲಿ, ನಾಮಕರಣವಿರಲಿ, ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅತ್ತಿಗೆ ಸತ್ಯಭಾಮಾ ಅಡುಗೆಮನೆಯಿಂದ ಕೇಳುತ್ತಾರೆ: "ಸುಧಾನ್ನ ಯಾರು ಬಿಡ್ತಾರೆ?" ಆಮೇಲೆ ಒಂದು ಸಣ್ಣ ಮೌನ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಕೊನೆಗೆ ಯಾರಾದರೂ ನಿಟ್ಟುಸಿರು ನುಂಗಿಕೊಂಡು ಬೀಗದ ಕೈ ಎತ್ತಿಕೊಳ್ಳುತ್ತಾರೆ. ಹಬ್ಬದಲ್ಲಿ ಮಿಕ್ಕ ಹುಳಿಯ ಡಬ್ಬಿಯ ಹಾಗೆ ನಾನು ಯಾರದೋ ಕಾರಿನಲ್ಲಿ ಮನೆ ಸೇರುತ್ತೇನೆ. ಆ ಮೌನ ನನಗೆ ಸಾಕಾಗಿಹೋಗಿತ್ತು.

ಡ್ರೈವಿಂಗ್ ಕಲಿತೆ, ಲೈಸೆನ್ಸ್ ತೆಗೆದುಕೊಂಡೆ. ಜೆ.ಪಿ. ನಗರದಲ್ಲಿ ಒಂದು ಬಿಳಿ ಸಣ್ಣ ಕಾರು ಮಾರಾಟಕ್ಕಿದೆ ಎಂದು ಗೊತ್ತಾಗಿ ನೋಡಲು ಹೋದೆ. ಮಾಲೀಕರು ಶಶಿಕಾಂತ್ ಎಂದು, ತಿಪಟೂರಿನ ಕಡೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾರು ಒರೆಸುವ ಬಟ್ಟೆ. ಒಂದು ಸುತ್ತು ಓಡಿಸಿ ನೋಡಿ ಮೇಡಂ ಎಂದು ಕೀ ಕೊಟ್ಟರು. ನಾನು ಸ್ಟೀರಿಂಗ್ ಹಿಡಿದು ಕೂತೆ. ಅವರು ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತರು. ನನ್ನ ಡ್ರೈವಿಂಗಿಗೆ ಹೆದರಿದ್ದಾರೆ ಅಂದುಕೊಂಡು ಸ್ವಲ್ಪ ಸಿಟ್ಟೇ ಬಂತು. ಆ ಸಿಟ್ಟಿನಲ್ಲಿ ಎರಡು ಹಂಪ್ ಹಾರಿಸಿದೆ.

ಕಾರು ನನಗೆ ಹಿಡಿಸಿತು. ಮನೆಗೆ ಬಂದು ಗಾಡಿಯ ನಂಬರ್ ಹಾಕಿ ಮೊಬೈಲಿನಲ್ಲಿ ಅದರ ಜಾತಕ ತೆಗೆದೆ. ಒಬ್ಬರೇ ಮಾಲೀಕರು, ಸಾಲವಿಲ್ಲ, ಇನ್ಶೂರೆನ್ಸ್ ಒಮ್ಮೆಯೂ ಕ್ಲೈಮ್ ಆಗಿಲ್ಲ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ದಂಡ, ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಸಿಗ್ನಲ್ ಜಂಪ್ ಮಾಡಿದ್ದಕ್ಕೆ. ಅದನ್ನೂ ಕಟ್ಟಿಯಾಗಿತ್ತು. ಮಾರನೆಯ ದಿನ ನಮ್ಮ ಬೀದಿಯ ಮೆಕ್ಯಾನಿಕ್ ಬೈರಣ್ಣನನ್ನು ಕರೆದುಕೊಂಡು ಹೋದೆ. ಅವನು ಬಾನೆಟ್ಟಿನೊಳಗೆ ತಲೆ ಹಾಕಿ, ಕಾರಿನ ಕೆಳಗೆ ಮಲಗಿ ನೋಡಿ, ಎಲ್ಲೂ ಡಿಕ್ಕಿ ಹೊಡೆದಿಲ್ಲ, ಪೇಂಟು ಕಂಪನಿಯದೇ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದು ಹೇಳಿ ಅಂಗಡಿಗೆ ವಾಪಸ್ ಹೋದ. ಇನ್ನು ಉಳಿದದ್ದು ಪಕ್ಕದ ಮನೆ.

ಪಕ್ಕದ ಮನೆಯ ಆಂಟಿ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಕೇಳುವುದಕ್ಕೇ ಕಾದಿದ್ದರೋ ಎಂಬಂತೆ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದರು.

"ಆ ಕಾರಾ? ಬೇಡಮ್ಮ. ಆಕ್ಸಿಡೆಂಟ್ ಆದ ಗಾಡಿ ಅದು. ಅವರ ಹೆಂಡ್ತಿ ಅದರಲ್ಲೇ ತೀರ್ಕೊಂಡ್ರು. ನನಗ್ಯಾಕೆ ಊರ ಉಸಾಬರಿ, ಕೇಳಿದೋರಿಗೆ ಹೇಳ್ತೀನಿ ಅಷ್ಟೆ."

ಕೇಳಿದವರು ನಾನೊಬ್ಬಳೇ ಅಲ್ಲವಂತೆ. ಕಾರು ನೋಡಲು ಬಂದವರೆಲ್ಲ ಇವರ ಗೇಟಿಗೂ ಬಂದು ಹೋಗಿದ್ದರು. ನಾನು ಥ್ಯಾಂಕ್ಸ್ ಹೇಳಿ ಬಸ್ ಸ್ಟಾಪಿನ ಕಡೆ ನಡೆದೆ. ಬೈರಣ್ಣನ ಮಾತು ಒಂದು ಕಡೆ, ಆಂಟಿಯ ಮಾತು ಒಂದು ಕಡೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಅಂತ ಮನಸ್ಸು ಆಗಲೇ ತೀರ್ಮಾನ ಕೊಟ್ಟಾಗಿತ್ತು. ಶಶಿಕಾಂತ್ ಅವರಿಗೆ ಏನೂ ಹೇಳಬೇಕಾಗಿಲ್ಲ, ಫೋನ್ ಬಂದರೆ ಎತ್ತದಿದ್ದರಾಯಿತು ಅಂದುಕೊಂಡೆ. ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ತೆಗೆದುಬಿಟ್ಟೆ. ಕಂಡಕ್ಟರ್ ಬೈದುಕೊಂಡು ಸೀಟಿ ಊದಿದ.

ನನ್ನನ್ನೂ ಒಮ್ಮೆ ಹೀಗೆಯೇ ಪಕ್ಕದ ಮನೆಯಲ್ಲಿ ವಿಚಾರಿಸಿದ್ದರು. ಆಗ ನನಗೆ ಇಪ್ಪತ್ತಾರು. ಮೈಸೂರಿನಿಂದ ಬಂದಿದ್ದ ಹುಡುಗ ನನ್ನ ಪುಸ್ತಕದ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದ, ಒಂದು ಪುಸ್ತಕ ಓದಿ ಕೊಡುತ್ತೇನೆ ಎಂದು ತೆಗೆದುಕೊಂಡೂ ಹೋಗಿದ್ದ. ನನಗೆ ಅವನು ಇಷ್ಟವಾಗಿದ್ದ. ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ವಾರವಾಗುವಷ್ಟರಲ್ಲಿ ಜಾತಕ ಕೂಡಲಿಲ್ಲ ಎಂಬ ಸುದ್ದಿ ಬಂತು, ಪುಸ್ತಕವೂ ಅಂಚೆಯಲ್ಲಿ ಬಂತು. ಹುಡುಗಿಗೆ ಮೂರ್ಛೆ ರೋಗವಿದೆ ಎಂದು ಪಕ್ಕದ ಮನೆಯವರು ಹೇಳಿದ್ದರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಒಂದು ಏಕಾದಶಿಯ ದಿನ ಉಪವಾಸವಿದ್ದು ಬಿಸಿಲಲ್ಲಿ ಬಟ್ಟೆ ಒಣಗಿಸುವಾಗ ತಲೆ ಸುತ್ತಿ ಬಿದ್ದಿದ್ದೆ. ಅವರು ನೋಡಿದ್ದು ಅಷ್ಟೇ. ಸುಳ್ಳಲ್ಲ, ನಿಜವೂ ಅಲ್ಲ. ಆ ಪಕ್ಕದ ಮನೆಯವರ ಮೇಲೆ ನನಗೆ ಈಗ ಕೋಪವಿಲ್ಲ. ಕೋಪವಿರುವುದು ಆ ಹುಡುಗನ ಮೇಲೆ. ನಮ್ಮ ಮನೆಯಲ್ಲಿ ಫೋನ್ ಇತ್ತು. ಒಂದು ಮಾತು ನನ್ನನ್ನೇ ಕೇಳಬಹುದಿತ್ತು.

ವಾಪಸ್ ಹೋಗಿ ಶಶಿಕಾಂತ್ ಅವರ ಮನೆಯ ಬೆಲ್ ಒತ್ತಿದೆ. ಒಳಗೆ ಕರೆದರೂ ಹೋಗಲಿಲ್ಲ. ಕಾರಿನ ಪಕ್ಕದಲ್ಲೇ ನಿಂತು, ನಿಮ್ಮ ಮನೆಯವರು ಈ ಕಾರಿನಲ್ಲಿ ತೀರಿಕೊಂಡರಂತೆ, ಆಕ್ಸಿಡೆಂಟ್ ಆಗಿತ್ತಾ ಎಂದು ಕೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಆಕ್ಸಿಡೆಂಟ್ ಇಲ್ಲ ಮೇಡಂ. ಎದೆ ನೋವು ಅಂದ್ಲು, ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೊರಟೆ. ಬನಶಂಕರಿ ಸಿಗ್ನಲ್‌ವರೆಗೂ ಅವಳೇ ಮಾತಾಡ್ತಿದ್ಲು, ಗ್ಯಾಸ್ ಆಫ್ ಮಾಡಿದ್ರಾ ಅಂತ. ಆಮೇಲೆ ನಾನು ಮಾತಾಡ್ತಿದ್ದೆ. ಸಿಗ್ನಲ್ ಜಂಪ್ ಮಾಡ್ದೆ. ಆಸ್ಪತ್ರೆ ಬಾಗಿಲಲ್ಲಿ ಡೋರ್ ತೆಗೆದಾಗ ಗೊತ್ತಾಯ್ತು, ಅಷ್ಟು ದೂರ ನಾನೊಬ್ಬನೇ ಮಾತಾಡ್ಕೊಂಡು ಬಂದಿದ್ದೀನಿ ಅಂತ."

ಆಕೆಯ ಹೆಸರೇನು ಎಂದು ಕೇಳಿದೆ. ಸರ್ವಮಂಗಳಾ ಎಂದರು. ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಅವರೇ ಹೇಳಿದರು: "ನಿಮಗಿಂತ ಮುಂಚೆ ಬಂದೋರೆಲ್ಲ ಚೆನ್ನಾಗಿದೆ ಅಂದು ಹೋದ್ರು. ಆಮೇಲೆ ಫೋನ್ ಎತ್ತಲಿಲ್ಲ. ನೀವು ಕೇಳಿದ್ರಿ. ಅವರೂ ಕೇಳಿದ್ರೆ ಹೇಳ್ತಿದ್ದೆ."

ಆ ಕಾರನ್ನೇ ಕೊಂಡೆ. ಅಣ್ಣ ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆ, ಪಕ್ಕದ ಮನೆಯವರು ಏನಂದರು ಎಂದೇ. ಸುಳ್ಳು ಹೇಳಬಹುದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನ ನಾವು, ಕಾರಿಗೆ ಒಂದು ಸುಳ್ಳು ಸಾಕಾಗಿತ್ತು. ಆದರೆ ಮುಚ್ಚಿಟ್ಟರೆ ಆಕೆ ಸತ್ತದ್ದೇ ಒಂದು ತಪ್ಪು ಎಂದು ನಾನೂ ಒಪ್ಪಿಕೊಂಡ ಹಾಗೆ ಅನ್ನಿಸಿತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅಣ್ಣ ಕಿರುಚಲಿಲ್ಲ. ಶಾಂತಿ ಮಾಡಿಸು, ಆಮೇಲೆ ಮಾರಿಬಿಡು ಎಂದ. ಎರಡೂ ಮಾಡುವುದಿಲ್ಲ ಎಂದೆ.

"ಸರಿ, ನಿನ್ನಿಷ್ಟ. ಆದ್ರೆ ಆ ಗಾಡೀಲಿ ನಮ್ಮ ಮನೆಯೋರು ಯಾರೂ ಕೂರಲ್ಲ" ಎಂದ.

ಗಣೇಶನ ಹಬ್ಬಕ್ಕೆ ನನ್ನ ಕಾರಿನಲ್ಲಿ ನಾನೇ ಜಯನಗರಕ್ಕೆ ಹೋದೆ. ಇಡೀ ದಾರಿ ಎದೆ ಡವಡವ ಅನ್ನುತ್ತಿತ್ತು, ಭಯಕ್ಕಲ್ಲ, ಸಂತೋಷಕ್ಕೆ. ಅಣ್ಣನ ಮನೆಯೆದುರು ಕಾರನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸಿದ್ದನ್ನು ಯಾರಾದರೂ ನೋಡಲಿ ಎಂದು ಒಂದು ಹಾರ್ನ್ ಕೂಡ ಹೊಡೆದೆ. ಯಾರೂ ಹೊರಗೆ ಬರಲಿಲ್ಲ. ಊಟಕ್ಕೆ ಕೂತಾಗ ಕಾರಿನ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತು ನಡೆಯಿತು.

ಊಟ ಮುಗಿಯಿತು. ಎಲೆ ಅಡಿಕೆಯ ತಟ್ಟೆ ಬಂತು. ನಾನು ಅಡುಗೆಮನೆಯ ಕಡೆಗೇ ಕಿವಿ ಕೊಟ್ಟುಕೊಂಡು ಕೂತಿದ್ದೆ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಡುಬಿನ ಡಬ್ಬಿ ನನ್ನ ಕೈಗಿಟ್ಟು, ಹುಷಾರಾಗಿ ಹೋಗು ಎಂದರು. ಅಷ್ಟೇ. ಮೌನವಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಬೀಗದ ಕೈಯ ಸದ್ದಿಲ್ಲ. ಬೇಕೆಂದು ಹಟ ಹಿಡಿದು ಪಡೆದದ್ದು ಇದೇ ಆಗಿದ್ದರೂ ನನಗೆ ಕೂಡಲೇ ಏಳಲು ಆಗಲಿಲ್ಲ.

ಗೇಟಿನ ಹತ್ತಿರ ಅಣ್ಣನ ಮಗಳು ಸುರಭಿ ಮೊಬೈಲ್ ಹಿಡಿದು ನಿಂತಿದ್ದಳು. ಮದುವೆಯಾಗಿ ಬನಶಂಕರಿಯಲ್ಲಿದ್ದಾಳೆ, ಗಂಡ ಬಂದಿರಲಿಲ್ಲ. ನನ್ನ ದಾರಿಯಲ್ಲೇ ಅವಳ ಮನೆ. ಚಿಕ್ಕವಳಿದ್ದಾಗ ಅವಳಿಗೆ ಕತೆ ಓದಿ ಹೇಳಿ ಮಲಗಿಸಿದವಳು ನಾನು.

"ಬಾರೇ, ನಾನು ಬಿಡ್ತೀನಿ" ಎಂದೆ. ಈ ಮಾತನ್ನು ನನ್ನ ಜೀವನದಲ್ಲಿ ಮೊದಲ ಸಲ ಹೇಳಿದ್ದೆ.

ಅವಳು ಕಾರನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದಳು. "ಬೇಡ ಅತ್ತೆ, ಆಟೋ ಬುಕ್ ಆಯ್ತು."

ಆಟೋ ನನ್ನ ಕಣ್ಣೆದುರಿಗೇ ಹೋಯಿತು. ಕಡುಬಿನ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು ನಾನೂ ಹೊರಟೆ. ಬನಶಂಕರಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಸುತ್ತಲೂ ಗಣೇಶನನ್ನು ಮಡಿಲಲ್ಲಿಟ್ಟುಕೊಂಡು ಕೂತವರ ಸ್ಕೂಟರುಗಳು, ಒಂದೊಂದರ ಮೇಲೂ ಮೂರು ನಾಲ್ಕು ಜನ. ಡಬ್ಬಿ ಜಾರದಂತೆ ಎಡಗೈಯಲ್ಲಿ ಹಿಡಿದುಕೊಂಡೆ.

"ನೋಡಿದ್ರಾ ಸರ್ವಮಂಗಳಾ," ಎಂದೆ, "ಇವತ್ತು ಯಾರೂ ಕೇಳ್ಲಿಲ್ಲ, ಸುಧಾನ್ನ ಯಾರು ಬಿಡ್ತಾರೆ ಅಂತ."

ದೀಪ ಹಸಿರಾದದ್ದು ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಗೇರ್ ಹಾಕಿದೆ, ಇಟ್ಟಮಡು ಬರುವವರೆಗೂ ಮಾತಾಡುತ್ತಲೇ ಹೋದೆ.