ಕುಂಕುಮ ಹಚ್ಚಿದ ಡಿಸ್ಕ್

"ಇನ್ನೊಂದ ಸ್ವಲ್ಪ ಬಿಗೀರಿ. ಕುತ್ತಿಗಿ ವಾಲಾಕತ್ತೈತಿ."

ಮೈಲಾರಲಿಂಗಪ್ಪ ತಮ್ಮನ ಗದ್ದದ ಕೆಳಗಿಂದ ಬಟ್ಟೆ ಹಾಯಿಸಿ ಗೋಡೆಯ ಮೊಳೆಗೆ ಕಟ್ಟಿದ. ಹನಮೇಶನನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಮಾಲೆ. ಬೆಂಗೇರಿಯ ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಹಾಗೆಯೇ ಕೂತಿದ್ದ. ಕನ್ನಡಕ ಮಾತ್ರ ಇರಲಿಲ್ಲ.

ಹೆಂಡತಿ ದ್ರಾಕ್ಷಾಯಿಣಿ ಅವನ ಬಲಗೈಯನ್ನೇ ನೋಡುತ್ತಿದ್ದಳು. ನಿನ್ನೆ ಸಂಜೆ ಅಂಗಡಿಯ ಕುರ್ಚಿಯಲ್ಲಿ ಅವನು ಸತ್ತು ಕೂತಿದ್ದಾಗ ಆ ಮುಷ್ಟಿಯೊಳಗೆ ಕಂಪ್ಯೂಟರಿನ ಹಳೆಯ ಡಿಸ್ಕ್ ಇತ್ತು. ಬೆರಳು ಬಿಡಿಸಿ ತೆಗೆದವಳು ಅವಳೇ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ್ದರು.

ಇಸ್ತಿಯಾಕ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಹನಮೇಶ ಕಂಪ್ಯೂಟರಿನಲ್ಲಿ ತಯಾರಿಸಿದ್ದನ್ನು ಫ್ಲೆಕ್ಸಿನ ಮೇಲೆ ಅಚ್ಚು ಹಾಕುತ್ತಿದ್ದವನು ಅವನು. ಗೆಳೆಯನ ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಹುಡುಕಲು ಬೆಳಿಗ್ಗೆಯೇ ಅಂಗಡಿಯ ಕೀಲಿ ಒಯ್ದಿದ್ದ.

"ವೈನಿ, ಕಂಪ್ಯೂಟರ್ ಚಾಲೂನ ಆಗವಲ್ದು. ಅವನ ಕೈಯಾಗ ಒಂದ ಡಿಸ್ಕ್ ಇತ್ತಂತಲ್ಲ, ಅದನ್ನ ಕೊಡ್ರಿ. ನಮ್ಮ ಮಷಿನಿಗೆ ಹಚ್ಚಿ ನೋಡ್ತೇನಿ."

ದ್ರಾಕ್ಷಾಯಿಣಿ ಗೋಡೆಯ ಮಾಡದಲ್ಲಿ ಇಟ್ಟಿದ್ದನ್ನು ತಂದು ಕೊಟ್ಟಳು.

"ನಮ್ಮ ತಮ್ಮ ಒಬ್ಬರ ಮಾರೀನೂ ಕಳದಾಂವಲ್ಲ," ಎಂದು ಮೈಲಾರಲಿಂಗಪ್ಪ ಬಂದವರಿಗೆ ಹೇಳುತ್ತಿದ್ದ. "ಈ ಓಣ್ಯಾಗ ಸತ್ತವ್ರೆಲ್ಲಾ ಅವನ ಕಂಪ್ಯೂಟರ್ ಡಬ್ಬ್ಯಾಗ ಅದಾರ."

"ಖರೇ ಬಿಡ್ರಿ," ಎಂದ ಪಕ್ಕದ ಮನೆಯವನು. "ನಮ್ಮಪ್ಪನ ಫೋಟೊ ಅಷ್ಟ ವರ್ಷದ ಮ್ಯಾಲೂ ತಗದ ಕೊಟ್ರು. ಮೀಸಿ ಸೈತ ತಿದ್ದಿ."

"ನಿಮ್ಮಪ್ಪಗ ಮೀಸಿ ಇದ್ದಿದ್ದಿಲ್ಲಲೇ," ಎಂದಿತು ಇನ್ನೊಂದು ದನಿ.

ಒಬ್ಬಿಬ್ಬರು ನಕ್ಕರು. ಗೋಡೆಗೆ ಆನಿಸಿ ಕೂರಿಸಿದ್ದವನನ್ನು ನೋಡಿ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

*

ಉಪ್ಪಿನಬೆಟಗೇರಿಯಿಂದ ಬೆಂಗೇರಿಗೆ ಬಂದಾಗ ಹನಮೇಶ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಬ್ರಶ್ಶು ಮೂಲೆ ಸೇರಿತು. ಊಟದ ಡಬ್ಬಿಯಷ್ಟೇ ಇದ್ದ ಒಂದು ಹಳೆಯ ಕಂಪ್ಯೂಟರ್ ಕೊಂಡು ಅದರ ಮುಂದೆ ಕೂತ. ಹುಟ್ಟುಹಬ್ಬ, ಮದುವೆ, ಚುನಾವಣೆ, ಸಾವು. ಹೆಚ್ಚು ಸಾವೇ. ಯಾರ ಫೋಟೊವನ್ನೂ ಅಳಿಸುತ್ತಿರಲಿಲ್ಲ. ತಪ್ಪು ಅಚ್ಚಾದ ಫ್ಲೆಕ್ಸನ್ನೂ ಎಸೆಯುತ್ತಿರಲಿಲ್ಲ. ಮನೆಗೆ ತಂದು ಹಿತ್ತಲಿನ ಬಚ್ಚಲಿಗೆ ಗೋಡೆಯಾಗಿ ಕಟ್ಟುತ್ತಿದ್ದ.

"ಸತ್ತವ್ರ ನಡುವ ಜಳಕಾ ಮಾಡೂದಾತು ನನಗ," ಎಂದು ದ್ರಾಕ್ಷಾಯಿಣಿ ಅಂದಿದ್ದಳು.

"ಮಾರಿ ಹೊರಗ ಮಾಡಿ ಕಟ್ಟೇನಲ್ಲ. ಯಾರೂ ನಿನ್ನ ನೋಡೂದಿಲ್ಲ, ಆರಾಮ ಮಾಡು."

ಈಚೆಗೆ ಆ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಗಿರಾಕಿ ಚಹಾ ಕುಡಿದು ಬರಬಹುದಿತ್ತು. ಒಳಗಿನ ಡಿಸ್ಕ್ ಕಟಕಟ ಅನ್ನತೊಡಗಿತ್ತು. ಇನ್ನೊಂದು ಕಡೆ ಪ್ರತಿ ತೆಗೆದಿಡು ಎಂದು ಇಸ್ತಿಯಾಕ ಹೇಳಿ ಹೇಳಿ ಸಾಕಾಗಿದ್ದ. ಹೊಸ ಡಿಸ್ಕ್ ಬರಲಿ, ಒಮ್ಮೆಗೇ ಮಾಡುತ್ತೇನೆ ಎನ್ನುತ್ತಿದ್ದ ಹನಮೇಶ.

*

ಭಜನೆಯವರು ತಾಳ ತೆಗೆಯುವ ಹೊತ್ತಿಗೆ ಇಸ್ತಿಯಾಕ ತಿರುಗಿ ಬಂದ. ದ್ರಾಕ್ಷಾಯಿಣಿಯನ್ನು ಹಿತ್ತಲಿಗೆ ಕರೆದ.

"ಹಳೇದು, ಹೊಸಾದು, ಎರಡೂ ಡಿಸ್ಕ್ ಖಾಲಿ ಅದಾವ್ರಿ ವೈನಿ."

"ಹಳೇದ್ರಾಗಿಂದು ಹೊಸಾದಕ್ಕ ಹಾಕ್ತೇನಿ ಅಂದಿದ್ರಲ್ರಿ."

"ಉಲ್ಟಾ ಹಾಕ್ಯಾನ. ತುಂಬಿದ್ದರ ಮ್ಯಾಲ ಖಾಲಿದನ್ನ. ನಾ ಬಿಡಿಸಿ ಹೇಳಿದ್ದೆ. ಒಳಗ ಇರೂದು ಹಳೇದು, ಹೊರಗ ವಾಯರಿಗೆ ಹಚ್ಚೂದು ಹೊಸಾದು, ಒಳಗಿಂದು ಹೊರಗ ಹೋಗಬೇಕು, ಬದಲ ಮಾಡೂದು ಆಮ್ಯಾಲ ಅಂತ. ಅಲ್ಲೆ ನೋಡಿದ್ರ ಹೊಸಾದು ಆಗಲೇ ಒಳಗ ಕುಂತೈತಿ. ಅದಕ್ಕ ಕುಂಕುಮ ಬ್ಯಾರೆ."

ಅವಳು ಬಚ್ಚಲಿನ ಕಂಬ ಹಿಡಿದುಕೊಂಡಳು.

"ರಿಪೇರಿಗೆ ಎಲ್ಲೆರ ಕಳಿಸಿದ್ರ ಫೋಟೊ ತಿರುಗಿ ಬರೂದಿಲ್ಲನ್ರಿ?"

"ಬರೇ ಅಳಿಸಿದ್ರ ಬರತಿತ್ತು. ಇದರ ಮ್ಯಾಲ ಪೂರಾ ಬರದ ಬಿಟ್ಟೈತಿ."

"ಅವರಿಗೆ ತಿಳಿದಿತ್ತೇನ್ರಿ?"

ಇಸ್ತಿಯಾಕ ನೆಲ ನೋಡಿದ. "ತಿಳೀದ ಹಂಗ್ಯಾಕ ಹಿಡಕೊಂಡ ಕುಂಡರತಿದ್ದ." ಪಡಸಾಲೆಯ ಕಡೆ ಕಣ್ಣು ಹಾಯಿಸಿ ಹೇಳಿದ: "ನಾ ಯಾರ ಮುಂದೂ ಅನ್ನೂದಿಲ್ಲ. ಡಿಸ್ಕ್ ಕೆಟ್ಟಿತ್ತು ಅಂದ್ರಾತು. ಅವನ ಹೆಸರು ಹಂಗ ಇರಲಿ."

*

ನಿನ್ನೆ ಬೆಳಿಗ್ಗೆ ಅವಳೂ ಅಂಗಡಿಗೆ ಹೋಗಿದ್ದಳು. ಹೊಸ ಡಿಸ್ಕ್ ಇನ್ನೂ ಪ್ಯಾಕೆಟ್ಟಿನಲ್ಲಿತ್ತು.

"ಹೊಸಾ ಸಾಮಾನು. ರಾಹುಕಾಲ ಹಿಡಿಯೂದ್ರಾಗ ಅದರ ಜಾಗಾದಾಗ ಕೂಡಿಸಿಬಿಡ್ರಿ."

"ಮೊದಲ ತುಂಬಬೇಕ ಮಾರಾಯ್ತಿ. ಕೂಡಸೂದು ಆಮ್ಯಾಲ."

"ತುಂಬೂದು ಯಾವಾಗರ ತುಂಬ್ರಿ. ಕೂಡಸೂದು ಈಗ."

ಅವನು ಗೊಣಗುತ್ತ ತಿರುಪು ಬಿಚ್ಚಿದ. ಹಳೆಯ ಡಿಸ್ಕನ್ನು ಹೊರಗೆ ತೆಗೆದು ವಾಯರಿಗೆ ಸಿಕ್ಕಿಸಿದ. ಅವಳು ಹೊಸದಕ್ಕೆ ಕುಂಕುಮ ಹಚ್ಚಿ ಕೊಟ್ಟಳು, ಅವನು ಒಳಗೆ ಕೂರಿಸಿದ. ಅಷ್ಟರಲ್ಲಿ ಲಗ್ನಪತ್ರಿಕೆಯವರು ಬಂದರು, ಅವರ ಹಿಂದೆ ಇನ್ಯಾರೋ. ಗದ್ದಲ ಮುಗಿದು ಮಧ್ಯಾಹ್ನ ಅವನು ಕೆಲಸಕ್ಕೆ ಕೂತಾಗ ತಲೆಯಲ್ಲಿ ಇಸ್ತಿಯಾಕನ ಮಾತಷ್ಟೇ ಉಳಿದಿರಬೇಕು. ಒಳಗಿನದು ಹಳೆಯದು, ಹೊರಗಿನದು ಹೊಸದು.

*

ಪಡಸಾಲೆಗೆ ಬಂದಾಗ ಸೊಪ್ಪು ಮಾರುವ ಸತ್ಯವ್ವ ಕಾಯುತ್ತಿದ್ದಳು. ಅವಳ ಮಗ ರಾಜರತ್ನ ಟೆಂಪೊ ಹೊಡೆಯುತ್ತಿದ್ದವನು, ರಸ್ತೆಯಲ್ಲಿ ಸತ್ತಿದ್ದ. ಅವನ ಮೊಬೈಲು ಅಲ್ಲೇ ಪುಡಿಯಾಗಿತ್ತು. ಹನಮೇಶ ತೆಗೆದಿದ್ದ ಒಂದೇ ಒಂದು ಫೋಟೊ ಉಳಿದಿತ್ತು. ಕಟ್ಟು ಹಾಕಿಸಿಟ್ಟ ಅದರ ಪ್ರತಿ ಹೋದ ಮಳೆಗಾಲ ಸೂರು ಸೋರಿ ಗಾಜಿಗೆ ಅಂಟಿ ಹೋಗಿತ್ತು.

"ಇವತ್ತ ಕೇಳೂದು ತಪ್ಪ ಯವ್ವಾ. ಹೊಸಾ ಡಿಸ್ಕ್ ಹಾಕಿದ ಮರುದಿನ ಬಾ, ನಿನ್ನ ಮಗನ್ನ ತಗದ ಕೊಡ್ತೇನಿ ಅಂದಿದ್ರು. ಅದಕ್ಕ ಬಂದಿದ್ದೆ. ಬಂದ್ರ ಇದು." ಅವಳು ದನಿ ತಗ್ಗಿಸಿದಳು. "ಹುಡುಗ ಅದರಾಗ ಅದಾನಲ್ಲ?"

ಮೈಲಾರಲಿಂಗಪ್ಪ ಇತ್ತ ನೋಡುತ್ತಿದ್ದ. ಇಸ್ತಿಯಾಕನೂ.

"ಅದಾನ," ಎಂದಳು ದ್ರಾಕ್ಷಾಯಿಣಿ. "ನಾಕ ದಿನಾ ಬಿಟ್ಟ ಬಾ."

"ಇದ್ದರಾತ ಬಿಡ. ಅವಸರೇನಿಲ್ಲ." ಸತ್ಯವ್ವ ಹೆಣದ ಪಾದ ಮುಟ್ಟಿ, ಒಂದು ಮೂಲೆಯಲ್ಲಿ ಕೂತಳು.

ವಿಧಿ ಮಾಡಿಸುವ ಅಯ್ಯನವರು ಬಂದು ಹನಮೇಶನ ತಲೆಯ ಮೇಲೆ ಪಾದ ಇಟ್ಟರು. ಹೆಣ ಕೂರಿಸಿದ ಹೂವಿನ ವಿಮಾನವನ್ನು ಹೆಗಲಿಗೆ ಎತ್ತಿದರು. ಭಜನೆ ಓಣಿಯ ತಿರುವು ದಾಟಿ ಸಣ್ಣದಾಯಿತು.

ಮಣ್ಣು ಮಾಡಿ ಗಂಡಸರು ಮರಳುವಾಗ ಹೆಂಗಸರು ದ್ರಾಕ್ಷಾಯಿಣಿಯನ್ನು ಬಚ್ಚಲಿನಲ್ಲಿ ಕೂರಿಸಿ ನೀರು ಹಾಕಿದರು. ಎರಡನೇ ತಂಬಿಗೆಗೆ ಅವಳು ಕಣ್ಣು ಒರೆಸಿಕೊಂಡಳು. ಎದುರಿನ ಫ್ಲೆಕ್ಸಿನ ಬಿಳಿ ಬೆನ್ನಿನಲ್ಲಿ, ಆಚೆಯ ಬಿಸಿಲಿಗೆ, ದೊಡ್ಡ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ದಿನಾ ಕಂಡವೇ. ಇವತ್ತು ಒಂದೊಂದಾಗಿ ಓದಿದಳು. ರಾಜರತ್ನ. ಸತ್ತ ತಾರೀಖು ತಪ್ಪಾಗಿ ಅಚ್ಚಾದದ್ದೆಂದು ಹನಮೇಶ ತಂದು ಕಟ್ಟಿದ್ದು.

ಎದ್ದು ಹಗ್ಗ ಜಗ್ಗತೊಡಗಿದಳು.

"ಏ, ಏನ ಮಾಡಾಕತ್ತಿ? ಗಂಡಸೂರು ಬರಾಕತ್ತಾರ. ಮರೆ ಇಲ್ದ ಹೆಂಗ ಜಳಕಾ ಮಾಡ್ತಿ?" ಎಂದಳು ನೀರು ಹಾಕುತ್ತಿದ್ದವಳು.

ಹಗ್ಗ ಹರಿಯಿತು. ಹಿತ್ತಲಿಗೆ ಬಂದ ಗಂಡಸರು ಮುಖ ತಿರುಗಿಸಿ ನಿಂತರು. ಒದ್ದೆ ಸೀರೆಯಲ್ಲಿ ಅವಳು ಫ್ಲೆಕ್ಸನ್ನು ಎಳೆದುಕೊಂಡು ಬಂದು ಒಗೆಯುವ ಕಲ್ಲಿನ ಮೇಲೆ ಹಾಸಿ, ಸತ್ಯವ್ವನನ್ನು ಕೂಗಿದಳು.

"ಸುಳ್ಳ ಹೇಳಿದೆ ಸತ್ಯವ್ವಾ. ಡಬ್ಬ್ಯಾಗ ಏನೂ ಉಳಿದಿಲ್ಲ. ಯಾರೂ ಇಲ್ಲ. ಇದ ಒಂದ ಐತಿ."

"ವೈನಿ," ಎಂದ ಇಸ್ತಿಯಾಕ. ಮೈಲಾರಲಿಂಗಪ್ಪನ ಹೆಗಲ ಮೇಲಿನ ಟವೆಲು ಜಾರಿ ಬಿದ್ದದ್ದನ್ನು ಅವನು ಎತ್ತಿಕೊಳ್ಳಲಿಲ್ಲ.

ಸತ್ಯವ್ವ ಬಗ್ಗಿ ನೋಡಿದಳು. ಬಿಸಿಲು ಫೋಟೊದ ಮುಖದ ಅರ್ಧವನ್ನು ತಿಂದು ಹಾಕಿತ್ತು, ಅಲ್ಲಿ ಬರೀ ಬಿಳಿ. ಪಕ್ಕದ ಫ್ಲೆಕ್ಸಿನ ಅಂಚು ಮುಚ್ಚಿಕೊಂಡಿದ್ದ ಇನ್ನರ್ಧದಲ್ಲಿ ಬಣ್ಣ ಹೊಸದರಂತಿತ್ತು. ಒಂದು ಕಣ್ಣು, ಒಂದು ಕಿವಿ, ಅಂಗಿಯ ಒಂದು ಗುಂಡಿ.

ಅವಳು ಬಿಳಿಯ ಅರ್ಧದ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಮತ್ತೆ ನೋಡಿದಳು. ಕೈ ತೆಗೆಯಲಿಲ್ಲ.